ಆನ್‌ಲೈನ್ ಮಾರುಕಟ್ಟೆ ಸುದ್ದಿಗೆ ನೀತಿಸಂಹಿತೆ ಮತ್ತು ಹೊಣೆಗಾರಿಕೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಮಾಧ್ಯಮ ಅಕಾಡೆಮಿ, ಬೆಂಗಳೂರು

ಪ್ರತಿ: ಕೃಷಿ ಮಾರಾಟ ಇಲಾಖೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ

ವಿಷಯ: ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಬರುವ ಬೆಳೆ ದರ ಹಾಗೂ ಕೃಷಿ ವ್ಯಾಪಾರದ ಸುದ್ದಿಗೆ ನಿಯಮ ರೂಪಿಸುವ ಕುರಿತು.

ಮಾನ್ಯರೇ,

ನರೇಗಲ್, ಅಬ್ಬಿಗೇರಿ, ಜಕ್ಕಲಿ ಸುತ್ತಲಿನ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆಯುವ ರೈತರು ನಾವು. ಮಾಲನ್ನು ಗದಗಿಗೆ ಒಯ್ಯಬೇಕೋ, ಹುಬ್ಬಳ್ಳಿಯ ಅಮರಗೋಳಕ್ಕೋ, ಬ್ಯಾಡಗಿಗೋ, ಇಲ್ಲಾ ಇನ್ನೆಂಟು ದಿನ ಮನೆಯಲ್ಲೇ ಇಟ್ಟುಕೊಳ್ಳಬೇಕೋ ಎಂಬುದನ್ನು ಈಗ ಮೊಬೈಲಿಗೆ ಬರುವ ದರದ ಸುದ್ದಿ ನೋಡಿ ತೀರ್ಮಾನಿಸುತ್ತೇವೆ. ಮರುದಿನದ ಪತ್ರಿಕೆಗಿಂತ ಮೊದಲೇ ಅದು ಹೊಲಕ್ಕೆ ಬಂದು ಮುಟ್ಟುತ್ತದೆ. ಅದು ತಪ್ಪಿದರೆ ಗಾಡಿ ಬಾಡಿಗೆ, ಹಮಾಲಿ, ಒಂದು ದಿನದ ಕೆಲಸ ಎಲ್ಲವೂ ನಮ್ಮ ಮೈಮೇಲೆಯೇ.

ಹೇಳಿದ ದರ ಎಷ್ಟೋ ಸಲ ನಿಜವೇ ಇರುತ್ತದೆ. ಹೇಳದೆ ಬಿಟ್ಟದ್ದರಲ್ಲಿ ನಾವು ಮೋಸ ಹೋಗುತ್ತೇವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ನೋಡಿ. ಸೋಮವಾರ ಮತ್ತು ಗುರುವಾರ ಅಲ್ಲಿ ಟೆಂಡರ್. ಡಬ್ಬಿ ತಳಿಗೆ ಒಂದು ದರ, ಕಡ್ಡಿಗೆ ಒಂದು, ಗುಂಟೂರಿಗೆ ಮತ್ತೊಂದು. ಒಂದೇ ತಳಿಯಲ್ಲೂ ಬಣ್ಣ, ತೇವಾಂಶ ನೋಡಿ ಬೆಲೆ ಏರುಪೇರಾಗುತ್ತದೆ. ನಾಲ್ಕೈದು ಚೀಲ ಉತ್ತಮ ಡಬ್ಬಿಗೆ ದಿನದ ಗರಿಷ್ಠ ದರ ಸಿಕ್ಕಿತೆಂದರೆ ‘ಮೆಣಸಿನಕಾಯಿಗೆ ಬಂಗಾರದ ಬೆಲೆ’ ಎಂಬ ತಲೆಬರಹ ಓಡುತ್ತದೆ. ಯಾವ ತಳಿ, ಎಷ್ಟು ಆವಕ, ಹೆಚ್ಚಿನ ಮಾಲು ಎಷ್ಟಕ್ಕೆ ಹೋಯಿತು ಎಂಬ ಮಾತೇ ಇರುವುದಿಲ್ಲ. ಎಷ್ಟೋ ವಿಡಿಯೊಗಳಲ್ಲಿ ದಿನಾಂಕವೂ ಇರುವುದಿಲ್ಲ. ಹಳೇ ಹಂಗಾಮಿನ ತುಣುಕು ಇಂದಿನದೆಂದು ಗುಂಪಿನಿಂದ ಗುಂಪಿಗೆ ಹರಿದಾಡುತ್ತದೆ. ಪರದೆಯ ಕೆಳಗೆ ಒಂದು ದಲಾಲಿ ಅಂಗಡಿಯ ಫೋನ್ ನಂಬರು ಮಾತ್ರ ತಪ್ಪದೆ ಇರುತ್ತದೆ. ಆ ಅಂಗಡಿಯವರು ಈ ಸುದ್ದಿಗೆ ಹಣ ಕೊಟ್ಟಿದ್ದಾರೆಯೇ? ನೋಡುವವರಿಗೆ ತಿಳಿಯುವ ದಾರಿಯೇ ಇಲ್ಲ.

ಸರಿಯಾದ ಮಾಹಿತಿ ಸಿಗದೆಂದು ಯಾರೂ ನೆಪ ಹೇಳುವಂತಿಲ್ಲ. ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣ ಪ್ರತಿ ಮಾರುಕಟ್ಟೆಯ ಆವಕದ ಜೊತೆಗೆ ಕನಿಷ್ಠ, ಗರಿಷ್ಠ ಹಾಗೂ ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರವನ್ನು ಕೊಡುತ್ತದೆ. ನಸುಕಿನಲ್ಲೇ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ, ಚೀಲ ಚೀಲದ ಮುಂದೆ ನಿಂತು ಮೂರೂ ದರ ಹೇಳುವ ಹುಡುಗರೂ ಇದ್ದಾರೆ. ಅವರ ಕೆಲಸಕ್ಕೆ ನಾವು ಋಣಿಗಳು. ಈ ಮನವಿ ಅವರ ಪರವಾಗಿಯೂ ಇದೆ.

2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಏಕಾಏಕಿ ಕುಸಿದು, ಬ್ಯಾಡಗಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿದ್ದದ್ದು ತಮಗೆ ಗೊತ್ತೇ ಇದೆ. ಆ ದಿನದ ಘಟನೆಗೆ ಯಾವುದೇ ವಾಹಿನಿ ಕಾರಣವೆಂದು ನಾವು ಹೇಳುವುದಿಲ್ಲ. ವರ್ಷದ ದುಡಿಮೆ ಒಂದು ದರದ ಮೇಲೆ ನಿಂತಿರುವಾಗ ಆ ದರದ ಸುದ್ದಿ ಎಷ್ಟು ಜವಾಬ್ದಾರಿಯ ಕೆಲಸ ಎಂಬುದಕ್ಕೆ ಅಷ್ಟು ಸಾಕು.

ಇನ್ನು ಕಾನೂನು. 1978ರ ಕಾಯ್ದೆಯಡಿ ಭಾರತೀಯ ಪತ್ರಿಕಾ ಮಂಡಳಿ ಛೀಮಾರಿ ಹಾಕಬಹುದಾದದ್ದು ಪತ್ರಿಕೆಗಳಿಗೆ, ಸುದ್ದಿಸಂಸ್ಥೆಗಳಿಗೆ, ಅವುಗಳ ಸಂಪಾದಕರಿಗೆ, ಪತ್ರಕರ್ತರಿಗೆ ಮಾತ್ರ. ಡಿಜಿಟಲ್ ಸುದ್ದಿಗೆಂದು ಕೇಂದ್ರ 2021ರಲ್ಲಿ ಮಾಹಿತಿ ತಂತ್ರಜ್ಞಾನ ನಿಯಮ ತಂದಿತು. ನೀತಿಸಂಹಿತೆಯನ್ನು ಪಾಲಿಸಲೇಬೇಕೆನ್ನುವ 9ನೇ ನಿಯಮದ 1 ಮತ್ತು 3ನೇ ಉಪನಿಯಮಗಳಿಗೆ ಅದೇ ವರ್ಷದ ಆಗಸ್ಟ್ 14ರಂದು ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಸರ್ಕಾರ ಸುದ್ದಿಯನ್ನು ಸೋಸಬಾರದೆಂಬ ಆತಂಕ ನಮಗೂ ಇದೆ. ಹಾಗಾಗಿಯೇ ಇಲಾಖೆಗಳಿಗಿಂತ ಮೊದಲು ಪತ್ರಕರ್ತರನ್ನೊಳಗೊಂಡ ಅಕಾಡೆಮಿಯ ಬಾಗಿಲಿಗೆ ಬಂದಿದ್ದೇವೆ.

ನಮ್ಮ ಮುಖ್ಯ ಬೇಡಿಕೆ: ಮಾರುಕಟ್ಟೆ ಸುದ್ದಿಗೆಂದೇ ಒಂದು ಪುಟದ ಕನ್ನಡ ಸಂಹಿತೆಯನ್ನು ಅಕಾಡೆಮಿ ಸಿದ್ಧಪಡಿಸಬೇಕು. ದರ ಹೇಳುವಾಗ ದಿನಾಂಕ, ಮಾರುಕಟ್ಟೆ, ತಳಿ, ಆವಕ, ಮೂರೂ ದರ ಹೇಳಲೇಬೇಕು. ದಲಾಲಿ, ಬೀಜ, ಗೊಬ್ಬರ, ಔಷಧ ಮಾರುವವರಿಂದ ಹಣ ಅಥವಾ ಉಡುಗೊರೆ ಬಂದಿದ್ದರೆ ವಿಡಿಯೊದ ಆರಂಭದಲ್ಲೇ ಬಾಯಿಬಿಟ್ಟು ಹೇಳಬೇಕು. ಕಂಪನಿಯ ಟಾನಿಕ್ಕಿನ ಜಾಹೀರಾತು ‘ರೈತನ ಯಶೋಗಾಥೆ’ಯ ವೇಷದಲ್ಲಿ ಬರುವುದು ನಿಲ್ಲಬೇಕು. ಹಣಕಾಸು ಪತ್ರಕರ್ತರು ಕಂಪನಿಗಳ ಉಡುಗೊರೆ, ಸಾಲ, ರಿಯಾಯಿತಿ ಪಡೆಯಬಾರದೆಂದು ಪತ್ರಿಕಾ ಮಂಡಳಿ ಹಿಂದೆಯೇ ಹೇಳಿದೆ. ಷೇರು ಕೊಳ್ಳುವವರಿಗೆ ಸಿಕ್ಕ ಆ ರಕ್ಷಣೆ ಕಡಲೆ ಮಾರುವವರಿಗೂ ಸಿಗಲಿ.

ತಪ್ಪು ದರ ಹೇಳಿದವರು ಅದೇ ವಾಹಿನಿಯಲ್ಲಿ, ಅಷ್ಟೇ ದೊಡ್ಡದಾಗಿ ತಿದ್ದುಪಡಿ ಹಾಕಬೇಕು. ಸದ್ದಿಲ್ಲದೆ ವಿಡಿಯೊ ಅಳಿಸಿದರೆ ಸಾಲದು. ದೂರು ಕೇಳಲು ಒಬ್ಬ ಹೊಣೆಗಾರರ ಹೆಸರು, ದೂರವಾಣಿ ಪ್ರತಿ ವಾಹಿನಿಯಲ್ಲೂ ಕಾಣಬೇಕು.

ಅಕಾಡೆಮಿಗೆ ದಂಡಿಸುವ ಅಧಿಕಾರ ಇಲ್ಲದಿರಬಹುದು. ಆದರೆ ‘ಕರ್ನಾಟಕ ಡಿಜಿಟಲ್ ಜಾಹೀರಾತು ಮಾರ್ಗಸೂಚಿ-2024’ರಡಿ ಸರ್ಕಾರಿ ಜಾಹೀರಾತು ಪಡೆಯುವವರಿಗೆ ಈ ಸಂಹಿತೆಯನ್ನು ಷರತ್ತಾಗಿಸುವಂತೆ ವಾರ್ತಾ ಇಲಾಖೆಗೆ ಶಿಫಾರಸು ಮಾಡಬಹುದು. ಗದಗ ಜಿಲ್ಲೆಯ ಯುವ ವರದಿಗಾರರಿಗೆ ಎಪಿಎಂಸಿ ಪ್ರಾಂಗಣದಲ್ಲೇ ತರಬೇತಿ ನಡೆಸಬಹುದು. ಕೃಷಿ ಮಾರಾಟ ಇಲಾಖೆಯು ದಿನದ ಟೆಂಡರ್ ದರವನ್ನು ಅಂದೇ, ತಡಮಾಡದೆ ಪ್ರಕಟಿಸಬೇಕು. ಅದು ತಡವಾದಷ್ಟೂ ಪುಕಾರಿಗೆ ಜಾಗ.

ಹಿಂಗಾರಿ ಕಡಲೆ ಮಾರುಕಟ್ಟೆಗೆ ಬರುವ ಮುನ್ನ ಈ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದೂ, ಸಂಹಿತೆಯ ಕರಡನ್ನು ಅಂತಿಮಗೊಳಿಸುವ ಸಭೆಗೆ ರೈತರನ್ನು ಕರೆಯಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ನರೇಗಲ್ ಹಾಗೂ ಸುತ್ತಲಿನ ಗ್ರಾಮಗಳ ರೈತರು
ಸ್ಥಳ: ನರೇಗಲ್, ಗದಗ ಜಿಲ್ಲೆ