ಜಪಾನಿನ ಬಾಗಿಲೂ ಕೊಲ್ಹಾರದ ಹೊಸ್ತಿಲೂ

ಹತ್ತನೆಯ ತರಗತಿ ದಾಟಿದ ಮಗಳನ್ನು ಕೊಲ್ಹಾರದಿಂದ ವಿಜಯಪುರದ ಕಾಲೇಜಿಗೆ ಕಳುಹಿಸಲಿಕ್ಕೇ ನೂರು ಸಲ ಯೋಚಿಸುವ ಮನೆಗಳಲ್ಲಿ ಜಪಾನಿನ ಮಾತೆತ್ತಿದರೆ ನಗು ಬರುವುದು ಸಹಜ. ಆದರೆ ಈ ಮಾತು ಅಷ್ಟು ದೂರದ್ದೇನೂ ಅಲ್ಲ. ಜಪಾನ್ 2014ರಲ್ಲಿ ಸಕುರಾ ವಿಜ್ಞಾನ ವಿನಿಮಯ ಕಾರ್ಯಕ್ರಮವನ್ನು ಆರಂಭಿಸಿತು. 2016ರಿಂದ ಭಾರತದ ಶಾಲಾ ವಿದ್ಯಾರ್ಥಿಗಳೂ ಅದರಲ್ಲಿ ಪಾಲ್ಗೊಂಡಿದ್ದಾರೆ. ಸುಮಾರು ಒಂದು ವಾರ ಅಲ್ಲಿನ ವಿಶ್ವವಿದ್ಯಾಲಯ, ಪ್ರಯೋಗಾಲಯಗಳನ್ನು ನೋಡಿ ಬಂದ ಈ ಮಕ್ಕಳಲ್ಲಿ ನವೋದಯ ಮತ್ತು ಕೇಂದ್ರೀಯ ವಿದ್ಯಾಲಯಗಳವರೂ ಇದ್ದಾರೆ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಇರುವುದೆಲ್ಲಿ? ಕೊಲ್ಹಾರಕ್ಕೆ ಹತ್ತಿರದ ಆಲಮಟ್ಟಿಯಲ್ಲಿ. ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರನ್ನೇ ಬಿಟ್ಟುಕೊಟ್ಟ ಜನರ ಮಕ್ಕಳಿಗೆ ಅದೇ ಆಲಮಟ್ಟಿಯಲ್ಲಿ ಒಂದು ಬಾಗಿಲು ತೆರೆದಿದೆ. ಅದನ್ನು ತಟ್ಟುವವರು ನಮ್ಮಲ್ಲಿ ಎಷ್ಟು ಮಂದಿ?

ಇಂಥ ಪ್ರವಾಸಗಳಿಂದ ಮಕ್ಕಳ ದೀನ್, ಸಂಸ್ಕೃತಿ ಕೈತಪ್ಪುವುದೆಂಬ ಆತಂಕ ಹಲವು ಹೆತ್ತವರಲ್ಲಿದೆ. ಅದನ್ನು ಮೂರ್ಖತನವೆಂದು ತಳ್ಳಿಹಾಕುವುದು ತಪ್ಪು. ಹಲಾಲ್ ಆಹಾರ, ನಮಾಝಿನ ಸಮಯ, ಹೆಣ್ಣುಮಕ್ಕಳ ಸುರಕ್ಷತೆ ಇವೆಲ್ಲ ನೈಜ ಪ್ರಶ್ನೆಗಳು. ಆದರೆ ಪ್ರಶ್ನೆಗೆ ಉತ್ತರ ಹುಡುಕುವುದು ಬೇರೆ, ಪ್ರಶ್ನೆಯನ್ನೇ ನೆಪವಾಗಿಸಿ ಮನೆಯಲ್ಲಿ ಕುಳಿತುಕೊಳ್ಳುವುದು ಬೇರೆ. ಜಪಾನಿನ ಕೋಬೆ ನಗರದಲ್ಲಿ 1935ರಲ್ಲೇ ಮಸೀದಿ ತೆರೆಯಿತು. ಅದಕ್ಕೆ ಹಣ ಕೂಡಿಸಿದವರಲ್ಲಿ ಭಾರತದ ಮುಸ್ಲಿಮ್ ವ್ಯಾಪಾರಿಗಳೂ ಇದ್ದರು. 1945ರ ಬಾಂಬು ದಾಳಿಯಲ್ಲೂ 1995ರ ಭೂಕಂಪದಲ್ಲೂ ಅದು ಉರುಳಲಿಲ್ಲ. ಅದಕ್ಕೂ ಮುಂಚೆ, 1909ರಲ್ಲಿ, ಭೋಪಾಲದ ಮೌಲವಿ ಬರ್ಕತುಲ್ಲಾರು ಟೋಕಿಯೋದಲ್ಲಿ ಹಿಂದೂಸ್ತಾನಿ ಭಾಷೆಯ ಅಧ್ಯಾಪಕರಾಗಿ ಸೇರಿದ್ದರು. ಹಡಗಿನಲ್ಲಿ ವಾರಗಟ್ಟಲೆ ಪಯಣಿಸಬೇಕಿದ್ದ ಕಾಲದಲ್ಲಿ ಅವರು ತಮ್ಮ ಧರ್ಮವನ್ನು ಜೊತೆಗೇ ಒಯ್ದರು. ಹಾಗಿರುವಾಗ ಇಂದಿನ ನಮ್ಮ ಮಕ್ಕಳ ಮೇಲೆ ನಮಗೇಕೆ ಇಷ್ಟು ಅವಿಶ್ವಾಸ?

ಹೋಗಿ ಕಲಿತು ಬಂದುದನ್ನು ನಾಡಿಗೆ ಹಂಚಿದವರೂ ಇದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ ಹಾಗೂ ಉದ್ಯಮವನ್ನು ಗಮನಿಸಿದರು. ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ ರಾಸ್ ಮಸೂದ್‌ರು ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದಾಗ 1922ರಲ್ಲಿ ಅಲ್ಲಿಗೆ ತೆರಳಿ ಜಪಾನಿನ ಶಿಕ್ಷಣ ವ್ಯವಸ್ಥೆಯ ಕುರಿತು ಗ್ರಂಥವನ್ನೇ ಬರೆದರು. ನಮ್ಮ ನೆರೆಯ ಕಲಬುರ್ಗಿ, ರಾಯಚೂರು, ಬೀದರ್‌ಗಳು ಆಗ ಅದೇ ಸಂಸ್ಥಾನದಲ್ಲಿದ್ದವು. ಸ್ವಂತ ಭಾಷೆಯಲ್ಲಿ ಆಧುನಿಕ ವಿಜ್ಞಾನವನ್ನು ಕಲಿಸಿದ ಪೌರ್ವಾತ್ಯ ದೇಶವೊಂದು ಅವರ ಕುತೂಹಲ ಕೆರಳಿಸಿತ್ತು. ಆದಿಲ್‌ಶಾಹಿಗಳ ವಿಜಯಪುರವಂತೂ ಹೊರಗಿನವರನ್ನು ಬರಮಾಡಿಕೊಂಡೇ ಬೆಳೆಯಿತು. ಇತಿಹಾಸಕಾರ ಫೆರಿಶ್ತಾ ಕ್ಯಾಸ್ಪಿಯನ್ ತೀರದವನು. ಅವನು ತನ್ನ ಇತಿಹಾಸ ಗ್ರಂಥವನ್ನು ಬರೆದದ್ದು ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿ.

ಹಾಗೆಂದು ಕಣ್ಣು ಮುಚ್ಚಿ ಹೊರಡಬೇಕೆಂದಲ್ಲ. ಯಾವ ಸರಕಾರವೂ ಪರದೇಶದ ಮಕ್ಕಳನ್ನು ಬರೀ ಔದಾರ್ಯದಿಂದ ಕರೆಯುವುದಿಲ್ಲ. 2001ರ ದಾಳಿಯ ಬಳಿಕ ಅಮೇರಿಕವು ಮುಸ್ಲಿಮ್ ಜನಸಂಖ್ಯೆ ಹೆಚ್ಚಿರುವ ದೇಶಗಳ ಹದಿಹರೆಯದವರಿಗಾಗಿ 2002ರಲ್ಲಿ ವಿನಿಮಯ ಯೋಜನೆ ರೂಪಿಸಿದ್ದರ ಹಿಂದೆ ರಾಜಕೀಯವಿತ್ತು. ಜನನ ಪ್ರಮಾಣ ಕುಸಿದು ವೃದ್ಧರೇ ಹೆಚ್ಚುತ್ತಿರುವ ಜಪಾನಿಗೆ ದುಡಿಯುವ ಕೈಗಳೂ ಬೇಕು. 1993ರಲ್ಲಿ ಅದು ಆರಂಭಿಸಿದ ತಾಂತ್ರಿಕ ತರಬೇತಿ ಯೋಜನೆಯು ಅಗ್ಗದ ದುಡಿಮೆಯ ಸಾಧನವೆಂಬ ಕಟು ಟೀಕೆಗೆ ಗುರಿಯಾಯಿತು. ಕೊನೆಗೆ ಅದರ ಬದಲಿಗೆ ಬೇರೆ ವ್ಯವಸ್ಥೆ ತರಲು 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆದ್ದರಿಂದ ಕರೆ ಬಂದಾಗ ಅದು ಕಲಿಕೆಗೋ ದುಡಿಮೆಗೋ, ಖರ್ಚು ಯಾರದು, ಮಗು ಉಳಿಯುವುದೆಲ್ಲಿ ಎಂದು ವಿಚಾರಿಸಬೇಕು. ವಿಚಾರಿಸಲು ಮಾಹಿತಿ ಬೇಕು. ನಮ್ಮ ಕೊರತೆಯಿರುವುದೇ ಇಲ್ಲಿ.

ಆರನೆಯ ತರಗತಿಗೆ ನವೋದಯ ಪ್ರವೇಶ ಪರೀಕ್ಷೆ ಬರೆಯಬೇಕಾದುದು ಮಗು ಐದನೆಯ ತರಗತಿಯಲ್ಲಿರುವಾಗ. ಕನಿಷ್ಠ 75 ಶೇಕಡಾ ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಪಟ್ಟಣದ ಮಕ್ಕಳಿಗೂ ಅವಕಾಶವಿದೆ. ಕನಿಷ್ಠ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳದು. ಊಟ, ವಸತಿ ಉಚಿತ. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಜಪಾನ್ ಸರಕಾರದ ವಿದ್ಯಾರ್ಥಿವೇತನವಿದೆ. ಆ ದೇಶದ ಕಾನ್ಸುಲೇಟ್ ಕಚೇರಿ ಬೆಂಗಳೂರಿನಲ್ಲೇ ಇದೆ. ಇವನ್ನು ಜುಮಾ ನಮಾಝಿನ ಬಳಿಕ ಮಸೀದಿಯ ಫಲಕದಲ್ಲಿ ಬರೆದು ಹಾಕಲು ಜಮಾಅತಿಗೆ ಎಷ್ಟು ಖರ್ಚಾದೀತು? ಒಂದು ಮದುವೆಯ ಶಾಮಿಯಾನದ ಹಣದಲ್ಲಿ ಹತ್ತು ಮಕ್ಕಳ ಪರೀಕ್ಷಾ ತಯಾರಿ ನಡೆದೀತು.

ಇನ್ನೊಂದು ಮಾತು. ವಿನಿಮಯವೆಂದರೆ ಹೋಗುವುದಷ್ಟೇ ಅಲ್ಲ, ಬರಮಾಡಿಕೊಳ್ಳುವುದೂ ಹೌದು. ನವೋದಯದಲ್ಲಿ ಒಂಬತ್ತನೆಯ ತರಗತಿಯ ಒಂದಷ್ಟು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ಶಾಲೆಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಸಹಪಾಠಿಗಳಿಗೆ ಊಟ ಬಡಿಸುತ್ತಾರೆ. ಇಂಥ ಪಾಠ ಕಲಿಯಲು ವಿಮಾನವೇ ಬೇಕೆಂದಿಲ್ಲ. ಒಂದೇ ಓಣಿಯಲ್ಲಿ ಬೆಳೆದ ಹಿಂದೂ-ಮುಸ್ಲಿಮ್ ಮಕ್ಕಳು ಪರಸ್ಪರರ ಮನೆಯ ಪಡಸಾಲೆಯನ್ನೂ ನೋಡದಿದ್ದರೆ, ದೂರದ ದೇಶದ ಪರಿಚಯದಿಂದ ಏನು ಪ್ರಯೋಜನ? ಜನಾಂಗಗಳ ವೈವಿಧ್ಯಕ್ಕೆ ಪವಿತ್ರ ಕುರ್‌ಆನ್ ಕೊಡುವ ಕಾರಣವೇ ಪರಸ್ಪರ ಪರಿಚಯ. ಕೊಲ್ಹಾರದ ಗಡಿಗೆ ಮೊಸರು ಎಲ್ಲ ಮನೆಗಳಿಗೂ ಹೋಗುತ್ತದೆ. ಮನುಷ್ಯರೂ ಹೋಗಿಬರಬಾರದೇ?

ನೀರಿಗೆ ಊರನ್ನು ಕಳೆದುಕೊಂಡ ಜನರಿಗೆ ಹೊಸ ನೆಲದಲ್ಲಿ ಬೇರು ಬಿಡುವುದು ಗೊತ್ತಿದೆ. ಅವರ ಮಕ್ಕಳು ಹೊರಗೆ ಹೋದರೆ ಕಳೆದುಹೋಗುತ್ತಾರೆಂಬ ಭಯ ಬೇಡ. ಈ ವರ್ಷ ಐದನೆಯ ತರಗತಿಯಲ್ಲಿರುವ ಮಗು ನಿಮ್ಮ ಮನೆಯಲ್ಲಿದ್ದರೆ, ಮೊದಲು ನವೋದಯದ ಅರ್ಜಿ ತುಂಬಿಸಿ.