ಬರ್ಲಿ, ಬರ್ಲಿ... ಹೋಲ್ಡಾನ್!

ಮಕ್ಕಳೇ, ಕಾಫಿ ಕಣಕ್ಕೆ ಲಾರಿ ಹಿಂದೆ ಹಿಂದೆ ಬರುವುದನ್ನು ನೋಡಿದ್ದೀರಲ್ಲ? ಕ್ಲೀನರ್ ಪಕ್ಕದಲ್ಲಿ ನಿಂತು ಲಾರಿಯ ಮೈ ತಟ್ಟುತ್ತಾ ‘ಬರ್ಲಿ, ಬರ್ಲಿ’ ಎನ್ನುತ್ತಾನೆ. ಗೋಡೆ ಹತ್ತಿರವಾಯಿತೋ, ‘ಹೋಲ್ಡಾನ್!’ ಎಂದು ಕೂಗುತ್ತಾನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಮ್ಮ ಕಣಕ್ಕೆ ಬಂದ ಲಾರಿಯಲ್ಲಿ ಕ್ಲೀನರ್ ಇರಲಿಲ್ಲ. ಹಿಂದಿನ ರಾತ್ರಿ ಹೂಮಳೆ ಬಿದ್ದು ನೆಲ ಮೆತ್ತಗಾಗಿತ್ತು. ‘ನೀನೇ ಸ್ವಲ್ಪ ನೋಡು ಮರಿ’ ಎಂದರು ದೊಡ್ಡಪ್ಪ. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದದ್ದು ನನಗೆ ಚೆನ್ನಾಗಿಯೇ ಕಂಡಿತು. ಆದರೆ ಇಷ್ಟು ವರ್ಷ ಲಾರಿ ಓಡಿಸಿದವರಿಗೆ ನಾನೇನು ಹೇಳುವುದು ಎಂಬ ಸಂಕೋಚ. ಬಾಯಿ ತೆರೆಯುವಷ್ಟರಲ್ಲಿ ಮಣ್ಣು ಕುಸಿದು ಚಕ್ರ ಚರಂಡಿಗೆ ಇಳಿಯಿತು. ಲಾರಿ ವಾಲಿ, ಮೇಲಿದ್ದ ನಾಲ್ಕು ಚೀಲ ಉರುಳಿ ಕೆಸರಿಗೆ ಬಿದ್ದವು. ಡ್ರೈವರ್ ಬೈಯಲಿಲ್ಲ. ‘ಕಂಡಿದ್ದನ್ನು ಕೂಗಿ ಹೇಳ್ಬೇಕು ಮಾರಾಯ’ ಎಂದರು, ಅಷ್ಟೇ.

ವಿಮಾನಕ್ಕೂ ಇಂಥದೇ ಕಷ್ಟವಿದೆ. ರನ್‌ವೇಗೆ ಹೋಗುವಾಗ, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವಾಗ ಅದು ನೆಲದ ಮೇಲೆ ನಿಧಾನವಾಗಿ ಉರುಳುತ್ತದೆ. ಇದಕ್ಕೆ ಟ್ಯಾಕ್ಸಿಯಿಂಗ್ ಎನ್ನುತ್ತಾರೆ. ಆಕಾಶದ ಹಕ್ಕಿ ನೆಲದ ಮೇಲೆ ಕುಂಟುವ ಹೊತ್ತು ಅದು.

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ನಮ್ಮೂರಿನವರೊಬ್ಬರು ಬಲು ಕಷ್ಟದ ಜಾಗವೊಂದರಲ್ಲಿ ವಿಮಾನದಿಂದ ಇಳಿದಿದ್ದಾರೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಮೇಜರ್ ಜನರಲ್ ಆಗಿದ್ದರು. ದಾಳಿಕೋರರು ಲೇಹ್ ಪಟ್ಟಣದತ್ತ ಬರುತ್ತಿದ್ದರು. ಸಿಂಧೂ ನದಿಯ ಬಯಲಿನಲ್ಲಿ, 10 ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಲಡಾಖಿನ ಎಂಜಿನಿಯರ್ ಸೋನಮ್ ನೋರ್ಬು ಊರಿನವರನ್ನು ಸೇರಿಸಿಕೊಂಡು ಒಂದು ಮಣ್ಣಿನ ಪಟ್ಟಿ ಸಿದ್ಧಪಡಿಸಿದರು. ಆ ವರ್ಷದ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದಾಗ ಒಳಗೆ ತಿಮ್ಮಯ್ಯನವರೂ ಇದ್ದರು. ಆಮೇಲೆ ಸೈನಿಕರು ಅದೇ ದಾರಿಯಲ್ಲಿ ಬಂದಿಳಿದು ಲೇಹ್ ಉಳಿಯಿತು.

ಡಕೋಟಾದ ರೆಕ್ಕೆಗಳ ಅಗಲ ಸುಮಾರು 29 ಮೀಟರ್. ಬಾಲದ ಚಕ್ರದ ಮೇಲೆ ನಿಲ್ಲುವುದರಿಂದ ಮೂಗು ಮೇಲಕ್ಕೆತ್ತಿರುತ್ತದೆ. ಮುಂದಿನ ನೆಲ ಪೈಲಟ್‌ಗೆ ಸರಿಯಾಗಿ ಕಾಣದು. ದೂರದ ಪಟ್ಟಿಗಳಲ್ಲಿ ಗೆರೆ ಇಲ್ಲ, ದೀಪವಿಲ್ಲ. ಸರಕು ತುಂಬಿದ ವಿಮಾನದ ಚಕ್ರ ಒದ್ದೆ ಮಣ್ಣಿನಲ್ಲಿ ಹೂತುಹೋಗಬಹುದು, ಪ್ರೊಪೆಲ್ಲರ್‌ಗೆ ಕಲ್ಲು ಸಿಡಿಯಬಹುದು, ರೆಕ್ಕೆಯ ತುದಿ ಕಂಬಕ್ಕೆ ತಾಗಬಹುದು.

ಸಿಮೆಂಟಿನ ದಾರಿ ಇದ್ದರೂ ಕಷ್ಟ ತಪ್ಪದು. 2019ರ ಜೂನ್ 30ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನವೊಂದು ಇಳಿದ ಮೇಲೆ ಟ್ಯಾಕ್ಸಿ ದಾರಿಯಿಂದ ಜಾರಿ ಪಕ್ಕದ ಮಣ್ಣಿಗೆ ಇಳಿಯಿತು. ಪುಣ್ಯಕ್ಕೆ ಎಲ್ಲರೂ ಕ್ಷೇಮ.

ಎಲ್ಲ ಸಲವೂ ಹಾಗಾಗುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ನಮ್ಮ ಮಡಿಕೇರಿಯಂತೆಯೇ ಮಂಜು ಕವಿದಿತ್ತು. ರನ್‌ವೇ ಮೇಲೆ ಒಂದು ಜಂಬೊ ವಿಮಾನ ಟ್ಯಾಕ್ಸಿ ಮಾಡುತ್ತಿರುವಾಗಲೇ ಇನ್ನೊಂದು ಜಂಬೊ ಅನುಮತಿ ಇಲ್ಲದೆ ಏರಲು ಓಡಿತು. 583 ಜನ ತೀರಿಕೊಂಡರು. ಏರಲು ಹೊರಟ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂಬ ಅನುಮಾನ ಬಂದಿತ್ತು. ಅವರು ಕೇಳಿಯೂ ಕೇಳಿದರು. ಹಿರಿಯ ಕ್ಯಾಪ್ಟನ್ ಒಪ್ಪಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಆ ದುರಂತದ ನಂತರ ವಿಮಾನದ ಸಿಬ್ಬಂದಿಗೆ ಹೊಸ ಪಾಠ ಶುರುವಾಯಿತು: ಕಿರಿಯರು ಅನುಮಾನ ಬಂದರೆ ಗಟ್ಟಿಯಾಗಿ ಹೇಳಬೇಕು, ಹಿರಿಯರು ಕಿವಿಗೊಡಬೇಕು.

ನಮ್ಮ ವಾಯುಪಡೆಯಲ್ಲಿರುವ ಸಿ-17 ಎಂಬ ದೈತ್ಯ ಸರಕು ವಿಮಾನ ತನ್ನ ಎಂಜಿನ್ ಬಲದಿಂದಲೇ ಹಿಂದಕ್ಕೆ ಚಲಿಸಬಲ್ಲದು. ಹಿಂದೇನಿದೆ ಎಂದು ಪೈಲಟ್‌ಗೆ ಕಾಣದು. ಆಗ ಲೋಡ್‌ಮಾಸ್ಟರ್ ಹಿಂಬದಿ ನೋಡುತ್ತಾ ದಾರಿ ಹೇಳುತ್ತಾರೆ. ಅವರು ಹೇಳಿದಲ್ಲಿ ವಿಮಾನ ನಿಲ್ಲಬೇಕು. ನಮ್ಮ ಲಾರಿ ಕ್ಲೀನರ್ ಮಾಡುವುದೂ ಇದೇ ಕೆಲಸವಲ್ಲವೇ?

ಈ ವಾರ ಶಾಲೆಯ ಮೈದಾನದಲ್ಲಿ 29 ಮೀಟರ್ ಅಳೆದು, ಎರಡು ತುದಿಯಲ್ಲಿ ಇಬ್ಬರು ಗೆಳೆಯರನ್ನು ನಿಲ್ಲಿಸಿ ನೋಡಿ. ನಡುವೆ ನಿಂತವರಿಗೆ ತಲೆ ತಿರುಗಿಸದೆ ಇಬ್ಬರೂ ಕಾಣುತ್ತಾರೆಯೇ? ಡಕೋಟಾದ ಪೈಲಟ್ ಕುಳಿತ ಜಾಗ ಅದು.

ಇನ್ನೊಂದು ಮಾತು. ಮನೆಯಂಗಳದಲ್ಲಿ ಜೀಪು, ಪಿಕಪ್ ಹಿಂದೆ ಬರುವಾಗ ಅದರ ಬೆನ್ನ ಹಿಂದೆ ನಿಲ್ಲಬೇಡಿ. ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವಂತೆ ದೂರ, ಪಕ್ಕಕ್ಕೆ ನಿಲ್ಲಿ. ಅಪಾಯ ಕಂಡರೆ ಸಂಕೋಚ ಬೇಡ. ದೊಡ್ಡವರಾದರೇನು, ‘ಹೋಲ್ಡಾನ್!’ ಎಂದು ಕೂಗಿಬಿಡಿ. ದೊಡ್ಡವರೇ, ಆ ಕೂಗು ಕೇಳಿದೊಡನೆ ಮೊದಲು ಬ್ರೇಕ್ ಒತ್ತಿ. ಯಾಕೆ ಎಂದು ಆಮೇಲೆ ಕೇಳಬಹುದು.