ಸುರಂಗದೊಳಗಿನ ಅಳತೆಗೆ ಬ್ಯಾಟರಿಯ ಲೆಕ್ಕ

ಬಾಯಾರು, ಪೈವಳಿಕೆ, ಎಣ್ಮಕಜೆಯ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗದ ನೀರನ್ನೇ ನಂಬಿದ ಮನೆಗಳೂ ಅಡಕೆ ತೋಟಗಳೂ ಇಂದಿಗೂ ಇವೆ. ಸುರಂಗದ ಬಾಯಿ ಒಬ್ಬರ ಅಂಗಳದಲ್ಲಿದ್ದರೆ ಅದರ ಒಡಲು ಮತ್ತೊಬ್ಬರ ಜಾಗದ ಅಡಿಯಲ್ಲಿ ಹಾದುಹೋಗಿರುವುದು ಅಪರೂಪವಲ್ಲ. ಅಗೆದ ಹಿರಿಯರಿದ್ದಾಗ ಆ ದಾರಿ ಅವರ ನೆನಪಿನಲ್ಲಿತ್ತು. ಪಾಲುಪಟ್ಟಿಯಾಗಿ, ಜಾಗ ಕೈಬದಲಾಗಿ, ಮೇಲೆ ಕೊಳವೆ ಬಾವಿ ಕೊರೆಯಲು ಯಂತ್ರ ಬಂದು ನಿಂತಾಗ ಆ ದಾರಿಯನ್ನು ತೋರಿಸುವವರು ಇರುವುದಿಲ್ಲ.

2022ರ ನವೆಂಬರ್ 1ರಂದು ಆರಂಭವಾದ ಕೇರಳದ ಡಿಜಿಟಲ್ ಮರುಸರ್ವೆಯೂ ಅಳೆಯುವುದು ನೆಲದ ಮೇಲಿನ ಗಡಿಯನ್ನು. ನೆಲದಡಿಯ ದಾರಿ ಆ ನಕ್ಷೆಯ ವಿಷಯವಲ್ಲ. ಆದರೆ ಕಾನೂನಿಗೆ ಆ ದಾರಿ ಬೇಕಾಗುತ್ತದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 15ನೆಯ ಕಲಮಿನಂತೆ, 20 ವರ್ಷ ಬಹಿರಂಗವಾಗಿ, ಶಾಂತವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಅನುಭವಿಸಿದ ಸೌಲಭ್ಯ ಹಕ್ಕಾಗಿ ನೆಲೆಗೊಳ್ಳಬಹುದು. ಆದರೆ ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ಅಂತರ್ಜಲದ ಮೇಲೆ ಹೀಗೆ ಹಕ್ಕು ಹುಟ್ಟದು ಎನ್ನುತ್ತದೆ 17ನೆಯ ಕಲಮು. ಆದುದರಿಂದ ನೀರು ಯಾವ ದಾರಿಯಲ್ಲಿ ಬರುತ್ತದೆ ಎಂಬುದು ತಕರಾರಿನ ಮೂಲಪ್ರಶ್ನೆಯೇ ಆಗಬಹುದು.

ಆ ದಾರಿಯನ್ನು ಗುರುತಿಸಲು ಲೇಸರ್ ಸ್ಕ್ಯಾನರ್ ಒಳ್ಳೆಯ ಸಾಧನ. ಮುಕ್ಕಾಲಿಯ ಮೇಲೆ ತಿರುಗುತ್ತ, ಕತ್ತಲಲ್ಲೂ ಸುತ್ತಣ ಗೋಡೆಯ ಲಕ್ಷಾಂತರ ಬಿಂದುಗಳ ದೂರವನ್ನು ಅದು ದಾಖಲಿಸುತ್ತದೆ. ಸುರಂಗದೊಳಗೆ ಉಪಗ್ರಹದ ಸಂಕೇತ ಸಿಗದು. ಹಾಗಾಗಿ ಬಾಯಿಯಲ್ಲಿ ಸ್ಥಾನ ನಿಶ್ಚಯಿಸಿಕೊಂಡು, ಒಂದು ನಿಲುಗಡೆಯ ಚಿತ್ರದ ಮೇಲೆ ಮುಂದಿನದು ಸ್ವಲ್ಪ ಹೊರಳಿ ಬೀಳುವಂತೆ ಹೆಜ್ಜೆಹೆಜ್ಜೆಯಾಗಿ ಒಳಸರಿಯಬೇಕು. ನಡುವೆ ವಿದ್ಯುತ್ತು ನಿಂತು ಒಂದು ತಿರುವು ತಪ್ಪಿಹೋದರೆ ಸರಪಳಿ ತುಂಡಾಗುತ್ತದೆ. ಆಚೆಯ ಭಾಗ ಯಾರ ಜಾಗದಡಿಯಲ್ಲಿದೆ ಎಂದು ಹೇಳಲಾಗದು. ಬ್ಯಾಟರಿಯ ಆಯ್ಕೆ ಇಲ್ಲಿ ಸಣ್ಣ ಸಂಗತಿಯಲ್ಲ.

ಲೆಕ್ಕವಾದರೋ ಹೈಸ್ಕೂಲಿನ ಭೌತಶಾಸ್ತ್ರದ್ದೇ. ಸ್ಕ್ಯಾನರಿಗೆ 30 ವಾಟ್, ಟ್ಯಾಬ್ಲೆಟ್ಟಿಗೆ 15, ದೀಪಕ್ಕೆ 10, ಒಟ್ಟು 55 ವಾಟ್ ಎಂದಿಟ್ಟುಕೊಳ್ಳೋಣ. ನಿಜವಾದ ಅಂಕಿಗಳನ್ನು ಆಯಾ ಉಪಕರಣದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. 5 ಗಂಟೆಯ ಕೆಲಸಕ್ಕೆ 275 ವಾಟ್-ಗಂಟೆ. ಪರಿವರ್ತನೆಯ ನಷ್ಟಕ್ಕೂ ಅನಿರೀಕ್ಷಿತ ವಿಳಂಬಕ್ಕೂ ಕಾಲು ಪಾಲು ಸೇರಿಸಿದರೆ ಸುಮಾರು 344.

ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ 344ನ್ನು ಇಮ್ಮಡಿಸಬೇಕು. ಅಂದರೆ 12 ವೋಲ್ಟಿನ, ಸುಮಾರು 60 ಆಂಪಿಯರ್-ಗಂಟೆಯ ಬ್ಯಾಟರಿ. ಅದರ ಭಾರ 15 ಕಿಲೋಗೂ ಮಿಗಿಲು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡ 90ರಷ್ಟನ್ನು ನಿರಾತಂಕವಾಗಿ ಬಳಸಬಹುದು. 12.8 ವೋಲ್ಟ್, 30 ಆಂಪಿಯರ್-ಗಂಟೆಯದು ಸಾಕು. 384 ವಾಟ್-ಗಂಟೆಯಲ್ಲಿ 345 ಕೈಗೆ ಸಿಗುತ್ತದೆ, ಭಾರ 4 ಕಿಲೋದ ಆಸುಪಾಸು. ಮೊಬೈಲಿನಲ್ಲಿರುವ ಬಗೆಯ ಲಿಥಿಯಂ ಕೋಶಗಳು ಇನ್ನೂ ಹಗುರ. ಆದರೆ ಬಿಸಿಯೇರಿದಾಗ ಬೆಂಕಿಗೀಡಾಗುವ ಅಪಾಯ ಅವುಗಳಲ್ಲಿ ಹೆಚ್ಚು. ಇಕ್ಕಟ್ಟಾದ ಸುರಂಗದೊಳಗೆ ಫಾಸ್ಫೇಟೇ ಲೇಸು.

ಭಾರದ ಬ್ಯಾಟರಿಯನ್ನು ಬಾಯಿಯಲ್ಲೇ ಇರಿಸಿ ಉದ್ದದ ತಂತಿ ಎಳೆದರಾಗದೇ ಎಂದು ಯಾರಾದರೂ ಕೇಳಬಹುದು. 1 ಚದರ ಮಿಲಿಮೀಟರಿನ ತಾಮ್ರದ ತಂತಿ 20 ಮೀಟರ್ ಹೋಗಿ ಮರಳುವಾಗ ಒಟ್ಟು 40 ಮೀಟರ್ ಆಗುತ್ತದೆ. ಅದರ ರೋಧ ಸುಮಾರು 0.7 ಓಮ್. 4.3 ಆಂಪಿಯರ್ ಹರಿದರೆ 3 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಬ್ಯಾಟರಿ ತುಂಬಿರುವಾಗಲೇ ಉಪಕರಣ ಕೈಕೊಡಬಹುದು. ಬಾಯಿಯಲ್ಲಿ ಪೆಟ್ರೋಲ್ ಜನರೇಟರ್ ಇಡುವುದಂತೂ ಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗಿದ್ದವರ ಜೀವಕ್ಕೇ ಎರವಾದೀತು.

ಕೊಳ್ಳುವಾಗ ಅಂಗಡಿಯ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. 30,000 ಮಿಲಿಆಂಪಿಯರ್-ಗಂಟೆ ಎಂಬ ಪವರ್ ಬ್ಯಾಂಕು 3.7 ವೋಲ್ಟಿನ ಲೆಕ್ಕದಲ್ಲಿ 111 ವಾಟ್-ಗಂಟೆಯಷ್ಟೇ. ಸ್ಕ್ಯಾನರ್ 19 ಅಥವಾ 24 ವೋಲ್ಟ್ ಬೇಡಿದರೆ ನೇರವಾಗಿ ವೋಲ್ಟೇಜ್ ಏರಿಸುವ ಪರಿವರ್ತಕ ಸಾಕು. ಇನ್ವರ್ಟರಿನಿಂದ 230 ವೋಲ್ಟಿಗೆ ಏರಿಸಿ, ಚಾರ್ಜರಿನಿಂದ ಮತ್ತೆ ಇಳಿಸುವುದು ಎರಡು ಬಾರಿ ನಷ್ಟ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ, ಧನ-ಋಣ ತುದಿಗಳನ್ನು ಎರಡು ಬಾರಿ ನೋಡಿ ಜೋಡಿಸಲಿ. ಬಿಲ್ಲು ಮತ್ತು ವಾರಂಟಿ ಚೀಟಿಯನ್ನು ಜೋಪಾನವಾಗಿಡಬೇಕು. ದೂರದೂರಿನಿಂದ ವಿಮಾನದಲ್ಲಿ ಬರುವ ತಂಡ ಇಂಥ ಬ್ಯಾಟರಿಯನ್ನು ಜತೆಗೆ ತರಲಾರದು. 160 ವಾಟ್-ಗಂಟೆ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಅದನ್ನು ಊರಲ್ಲೇ ಹೊಂದಿಸಿಕೊಳ್ಳಬೇಕು.

ಅಳತೆ ಮುಗಿದ ಮೇಲೆ ಮೂಲ ಕಡತವನ್ನು ತಿದ್ದದೆ ಕಾದಿರಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಉಪಕರಣ ಯಾವುದು, ಯಾವ ದಿನ, ಯಾರು ನಡೆಸಿದರು, ಬ್ಯಾಟರಿ ಬದಲಿಸಿದ್ದು ಯಾವ ನಿಲುಗಡೆಯಲ್ಲಿ ಎಂದು ಅಂದೇ ಬರೆದಿಟ್ಟ ಪುಸ್ತಕ ಮುಂದೆ ಉಪಯೋಗಕ್ಕೆ ಬರುತ್ತದೆ. ಸ್ಕ್ಯಾನ್ ಒಂದೇ ವ್ಯಾಜ್ಯವನ್ನು ಗೆಲ್ಲಿಸದು. ಆದರೆ ಸುರಂಗ ಕುಸಿದ ಮೇಲೆ ಅದನ್ನು ಮತ್ತೆ ಅಳೆಯಲು ಸಾಧ್ಯವಿಲ್ಲ.

ಕನ್ನಡ ಶಾಲೆಯ ಮಕ್ಕಳು ವೋಲ್ಟ್, ಆಂಪಿಯರ್, ಓಮ್‌ಗಳನ್ನು ಪರೀಕ್ಷೆಗೆಂದು ಕಲಿಯುತ್ತಾರೆ. ಮನೆಯ ಹಿಂದಣ ಸುರಂಗದ ಉದ್ದವನ್ನು ಅಜ್ಜನಲ್ಲಿ ಕೇಳಿ, ಅದನ್ನು ಅಳೆಯಲು ಎಷ್ಟು ವಾಟ್-ಗಂಟೆ ಬೇಕೆಂದು ಒಂದು ಭಾನುವಾರ ಲೆಕ್ಕ ಹಾಕಿ ನೋಡಲಿ. ಉತ್ತರ ಅವರ ಪಾಠಪುಸ್ತಕದಲ್ಲೇ ಇದೆ. ಅಜ್ಜನ ನೆನಪು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.